ಬಸ್ಸು ಬಂದ ಮೇಲೆ ಬಂದ ಶಾಲೆ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಶಾಲೆಯ ನೆನಪುಗಳು' ಎಂದು ಅಚ್ಚಾಗಿದೆ. ಆದರೆ ನಿನ್ನೆಯಿಂದ ನನ್ನನ್ನು ಕಂಡವರೆಲ್ಲ ಕೇಳುತ್ತಿರುವುದು ಒಂದೇ ಪ್ರಶ್ನೆ. “ಮೈದಾನದ ಮಾವಿನ ಮರದ ಕೆಳಗೆ ನಿಲ್ಲಿಸಿದ್ದೀರಲ್ಲ, ಆ ಹಳೇ ಬಸ್ಸಿಗೆ ಎಷ್ಟು ಖರ್ಚಾಯಿತು? ಯಾಕೆ ಬೇಕಿತ್ತು?” ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಕ್ಕ ಬರೆದವನು ನಾನು. ಲೆಕ್ಕ ಒಪ್ಪಿಸುತ್ತೇನೆ. ಆದರೆ ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕು.

ಈ ಪ್ರೌಢಶಾಲೆ ಶುರುವಾದದ್ದು 1975ರ ಜೂನ್‌ನಲ್ಲಿ. ಅದೇ ವರ್ಷ ಏಪ್ರಿಲ್‌ನಲ್ಲಿ ನನ್ನ ಅಕ್ಕ ಏಳನೆಯ ತರಗತಿ ಪಾಸು ಮಾಡಿದಳು. ನಮ್ಮ ಪ್ರಾಥಮಿಕ ಶಾಲೆಗೆ ಅವಳೇ ಮೊದಲಿಗಳು. ಇಷ್ಟು ಹತ್ತಿರದಲ್ಲಿ ಹೈಸ್ಕೂಲು ಆಯಿತು ಎಂದು ಊರವರೆಲ್ಲ ಸಂತೋಷಪಟ್ಟರು. ನಮ್ಮ ಮನೆಯಿಂದ ಇಲ್ಲಿಗೆ ಒಂಬತ್ತು ಕಿಲೋಮೀಟರು. ನಡುವೆ ಹಳ್ಳ, ಹಳ್ಳಕ್ಕೆ ಎರಡು ಅಡಿಕೆ ಮರ ಜೋಡಿಸಿದ ಸಂಕ. ಮಳೆಗಾಲದಲ್ಲಿ ಆ ಸಂಕದ ಮೇಲೆ ಗಂಡಸರೇ ಕೈ ಕೈ ಹಿಡಿದುಕೊಂಡು ದಾಟುತ್ತಿದ್ದರು. ಅಪ್ಪ ಕೆಟ್ಟವರಲ್ಲ. ಅಕ್ಕನ ಮೇಲೆ ಪ್ರಾಣವನ್ನೇ ಇಟ್ಟಿದ್ದರು. “ಹೆಣ್ಣುಮಗು, ಕತ್ತಲಾದ ಮೇಲೆ ಹೇಗೆ ಬರ್ತದೆ?” ಎಂದರು. ಅಷ್ಟಕ್ಕೇ ಮಾತು ಮುಗಿಯಿತು. ಅಕ್ಕ ಹಟ ಮಾಡಲಿಲ್ಲ. ಮಾರನೆಯ ದಿನದಿಂದ ಕೊಟ್ಟಿಗೆ ಕೆಲಸಕ್ಕೆ ಹೋದಳು.

ಎರಡು ವರ್ಷ ಕಳೆದು, 1977ರಲ್ಲಿ ಹಳ್ಳಕ್ಕೆ ಸೇತುವೆ ಆಯಿತು. ಅದೇ ಮೇ ತಿಂಗಳಲ್ಲಿ ನಮ್ಮೂರಿಗೆ ಬಸ್ಸು ಬಂತು. ಕೆಲವರಿಗೆ ನೆನಪಿರಬಹುದು, ಮಾವಿನ ತೋರಣ ಕಟ್ಟಿ, ಎದುರಿನ ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದಿದ್ದರು. ಜೂನ್‌ನಲ್ಲಿ ನಾನು ಎಂಟನೆಯ ತರಗತಿಗೆ ಸೇರಿದೆ. ಅಕ್ಕ ದಿನಾ ಬೆಳಿಗ್ಗೆ ಬುತ್ತಿ ಹಿಡಿದುಕೊಂಡು ಬಸ್ಸಿನವರೆಗೆ ಬರುತ್ತಿದ್ದಳು. ನನ್ನ ಕೈಗೆ ಬುತ್ತಿ ಕೊಟ್ಟು, ಬಸ್ಸು ತಿರುವು ದಾಟುವವರೆಗೆ ನಿಂತಿರುತ್ತಿದ್ದಳು. ರಾತ್ರಿ ಬುಡ್ಡಿ ದೀಪದಲ್ಲಿ ನನ್ನ ಪುಸ್ತಕಗಳನ್ನು ಅವಳೂ ಓದುತ್ತಿದ್ದಳು. ಒಂಬತ್ತನೆಯ ತರಗತಿಯಲ್ಲಿ ನಾನು ಬರೆದ ಪ್ರಬಂಧಕ್ಕೆ ಬಹುಮಾನ ಬಂತು. ಅದನ್ನು ಬರೆದದ್ದು ಅಕ್ಕ. ಕನ್ನಡ ಗುರುಗಳು ಇವತ್ತು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ, ಅವರ ಕ್ಷಮೆ ಕೇಳುತ್ತೇನೆ.

ಈ ಉತ್ಸವಕ್ಕೆ ಮುಂಚೆ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಹಳೆಯ ದಾಖಲಾತಿ ಪುಸ್ತಕ ನೋಡಿದೆ. ಮೊದಲ ಎರಡು ವರ್ಷ ಹಳ್ಳದ ಆಚೆಯ ನಮ್ಮ ಊರುಗಳಿಂದ ಒಂದೂ ಹೆಣ್ಣುಮಗುವಿನ ಹೆಸರಿಲ್ಲ. ಮೂರನೆಯ ವರ್ಷ ಐದು ಹೆಸರುಗಳಿವೆ. ಕಟ್ಟಡ ಅದೇ, ಮೇಷ್ಟ್ರುಗಳು ಅವರೇ. ಬಸ್ಸು ಒಂದು ಬಂದಿತ್ತು, ಅಷ್ಟೇ ವ್ಯತ್ಯಾಸ.

ಈಗಿನ ಮಕ್ಕಳಿಗೆ ಸ್ವಲ್ಪ ಇತಿಹಾಸ ಹೇಳಬೇಕು. ನಮ್ಮ ರಾಜ್ಯದಲ್ಲಿ ಸರ್ಕಾರಿ ಬಸ್ಸು ಶುರುವಾದದ್ದು 1948ರ ಸೆಪ್ಟೆಂಬರ್ 12ರಂದು, ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯ 120 ಬಸ್ಸುಗಳಿಂದ. 1961ರಲ್ಲಿ ಅದು ನಿಗಮವಾಯಿತು. ಆದರೆ ನಮ್ಮ ಮಲೆನಾಡಿನ ಒಳದಾರಿಗಳಿಗೆ ಬಹಳ ಕಾಲ ದಿಕ್ಕಾಗಿದ್ದದ್ದು ಖಾಸಗಿ ಬಸ್ಸುಗಳೇ. ನಮ್ಮೂರಿಗೆ ಬಂದದ್ದೂ ಅಂಥದ್ದೇ, ಆಗಲೇ ಹತ್ತು ವರ್ಷ ಓಡಿ ಹಳತಾಗಿದ್ದ ಟಾಟಾ ಬೆಂಜ್. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಕಂಪನಿಯ ಜೊತೆ ಸೇರಿ ಜಮ್‌ಶೇಡ್‌ಪುರದಲ್ಲಿ ಲಾರಿ, ಬಸ್ಸುಗಳ ಚಾಸಿ ತಯಾರಿಸಲು ಶುರು ಮಾಡಿದರು. ಆ ಒಪ್ಪಂದ 1969ರವರೆಗೆ ಇತ್ತು. ನಮ್ಮ ಬಸ್ಸಿನ ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರ ಇರುವುದು ಅದಕ್ಕೇ. ಚಾಸಿ ಮಾತ್ರ ಕಾರ್ಖಾನೆಯದು. ಮೇಲಿನ ಮೈಯನ್ನು ನಮ್ಮ ಕಡೆಯ ಬಡಗಿಗಳೇ ಮರದ ಚೌಕಟ್ಟು ಕಟ್ಟಿ, ಅಲ್ಯೂಮಿನಿಯಂ ತಗಡು ಹೊಡೆದು ಮಾಡಿದ್ದರು.

ಇನ್ನು ನನ್ನ ಗೆಳೆಯನ ವಿಷಯ. ಅವನನ್ನು ಈಗ ಸುತ್ತ ಹತ್ತೂರಿನವರು ಮೇಸ್ತ್ರಿ ಎಂದು ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ನಾವಿಬ್ಬರೂ ಒಂದೇ ಬೆಂಚು. 1980ರ ಎಸ್ಸೆಸ್ಸೆಲ್ಸಿಯಲ್ಲಿ ನಾನು ಪಾಸಾದೆ. ಅವನು ಗಣಿತದಲ್ಲಿ ನಾಲ್ಕು ಅಂಕಕ್ಕೆ ಫೇಲಾದ. ನಾನು ಕಾಲೇಜಿಗೆಂದು ಶಿವಮೊಗ್ಗಕ್ಕೆ ಹೋದೆ. ಅವನು ಅದೇ ಬಸ್ಸಿಗೆ ಕ್ಲೀನರ್ ಆಗಿ ಸೇರಿಕೊಂಡ. ಮುಂದೆ ರಿಪೇರಿ ಕಲಿತು ಸ್ವಂತ ಗ್ಯಾರೇಜು ಹಾಕಿದ. ನಾನು ಊರಿಗೆ ಬಂದಾಗ ಕಂಡರೆ ಮಾತಾಡಿಸುತ್ತಿದ್ದೆ. ಮತ್ತೆ ಯಾಕೆ ಪರೀಕ್ಷೆ ಕಟ್ಟಲಿಲ್ಲ ಎಂದು ನಲವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

2024ರ ಜುಲೈನಲ್ಲಿ, ನಾನು ನಿವೃತ್ತನಾಗಿ ಊರಿಗೆ ಬಂದ ಹೊಸತರಲ್ಲಿ, ಇಬ್ಬರೂ ಒಂದು ಉತ್ತರಕ್ರಿಯೆಗೆ ಹೋಗಿದ್ದೆವು. ಆ ಮನೆಯ ತೋಟದ ಅಂಚಿನಲ್ಲಿ ಹಲಸಿನ ಮರದ ಕೆಳಗೆ ಈ ಬಸ್ಸು ಇತ್ತು. ಟೈರು ಕೊಳೆತು ಚಕ್ರ ಮಣ್ಣಿನಲ್ಲಿ ಹುಗಿದಿತ್ತು. ಒಳಗೆ ಗೊಬ್ಬರದ ಚೀಲ, ಅಡಿಕೆ ಸಿಪ್ಪೆ, ಒಂದು ಕೋಳಿ ಸಂಸಾರ. ಮಾಲೀಕರ ಮಗ, ಮುಂದಿನ ವಾರ ಗುಜರಿಯವರು ಬರುತ್ತಾರೆ ಎಂದ. ಮೇಸ್ತ್ರಿ ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದ. ಕೈ ಒರೆಸಿಕೊಂಡು, “ಇದು ಸತ್ತಿಲ್ಲ ಮಾರಾಯ, ಕಟ್ಟಿ ಹಾಕಿದಾರೆ ಅಷ್ಟೆ” ಎಂದ. ಗುಜರಿಯವರು ಹೇಳಿದ್ದಕ್ಕಿಂತ ಎರಡು ಸಾವಿರ ಹೆಚ್ಚಿಗೆ ಕೊಟ್ಟು ನಾವು ಕೊಂಡೆವು. ಜೆ.ಸಿ.ಬಿ.ಯಿಂದ ಎತ್ತಿಸಿ, ಟ್ರಾಕ್ಟರಿನಲ್ಲಿ ಎಳೆಸಿ ನಮ್ಮ ಅಂಗಳಕ್ಕೆ ತಂದೆವು. ನನ್ನ ಹೆಂಡತಿ ಜಗಲಿಯ ಮೇಲೆ ನಿಂತು ನೋಡಿದಳು. “ಅಡಿಕೆ ಎಲ್ಲಿ ಒಣಗಿಸೋದು?” ಎಂದಳು. ಕೊಯ್ಲಿಗೆ ಮುಂಚೆ ಪಕ್ಕಕ್ಕೆ ಸರಿಸುತ್ತೇವೆ ಎಂದು ಮಾತು ಕೊಟ್ಟೆವು. ಎರಡು ಕೊಯ್ಲಿಗೂ ಅಂಗಳದ ಅರ್ಧ ಅದಕ್ಕೇ ಹೋಯಿತು. ಆಕೆಗೂ ಇಲ್ಲಿಂದಲೇ ಕ್ಷಮೆ ಕೇಳುತ್ತೇನೆ.

ಮೊದಲ ಕೆಲಸ ಎಂಜಿನ್ನಿನದು. ತುಕ್ಕು ಹಿಡಿದು ಪಿಸ್ಟನ್‌ಗಳು ಗಚ್ಚಾಗಿ ಕುಳಿತಿದ್ದವು. ಆರೂ ಸಿಲಿಂಡರಿನ ನಾಝಲ್ ಬಿಚ್ಚಿ, ಡೀಸೆಲ್ಲು ಮತ್ತು ಎಂಜಿನ್ ಆಯಿಲ್ ಬೆರೆಸಿ ಒಳಗೆ ಬಿಟ್ಟು ಕಾದೆವು. ಹನ್ನೊಂದು ದಿನ. ದಿನಕ್ಕೆರಡು ಸಲ ಫ್ಲೈವೀಲ್‌ಗೆ ಗಡಾರಿ ಕೊಟ್ಟು ಮೆಲ್ಲಗೆ ಮೀಟಬೇಕು. ನಾನು ಜೋರಾಗಿ ಒತ್ತಲು ಹೋದರೆ, “ಎಮ್ಮೆ ಎಬ್ಬಿಸ್ದಂಗೆ ಎಬ್ಬಿಸ್ಬೇಡ, ಬಾಣಂತೀನ ಎಬ್ಬಿಸ್ದಂಗೆ ಎಬ್ಬಿಸು” ಎನ್ನುತ್ತಿದ್ದ. ಹನ್ನೆರಡನೆಯ ದಿನ ಬೆಳಿಗ್ಗೆ ಗಡಾರಿ ಒಂದು ಬೆರಳಿನಷ್ಟು ಕೆಳಗೆ ಇಳಿಯಿತು. ಇಬ್ಬರೂ ಮಾತಾಡಲಿಲ್ಲ. ಒಳಗೆ ಹೋಗಿ ಕಾಫಿ ಕುಡಿದು ಬಂದು ಮತ್ತೆ ಮೀಟಿದೆವು.

ಮಕ್ಕಳೇ, ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಇದರ ವಿಷಯ ಇರುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಇರುವಂತೆ ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಜೋರಾಗಿ ಒತ್ತಿದರೆ ಅದು ತಾನಾಗಿ ಕಾಯುತ್ತದೆ, ಆ ಕಾದ ಗಾಳಿಗೆ ಡೀಸೆಲ್ಲನ್ನು ಮಂಜಿನಂತೆ ಚಿಮ್ಮಿಸಿದರೆ ಹೊತ್ತಿಕೊಳ್ಳುತ್ತದೆ. ನಮ್ಮ ಬಸ್ಸಿನದು ಹಳೆಯ ಮಾದರಿ. ಮನೆಗೆ ಜಗಲಿ ಇದ್ದಂತೆ ಪ್ರತಿ ಸಿಲಿಂಡರಿಗೂ ಒಂದು ಪುಟ್ಟ ಕೋಣೆ ಇದೆ. ಡೀಸೆಲ್ಲು ಮೊದಲು ಅಲ್ಲಿ ಹೊತ್ತಿಕೊಂಡು ಆಮೇಲೆ ಒಳಗೆ ನುಗ್ಗುತ್ತದೆ. ಚಳಿಯ ಬೆಳಿಗ್ಗೆ ಆ ಕೋಣೆಯನ್ನು ಬಿಸಿ ಮಾಡಲು ಹೀಟರ್ ಪ್ಲಗ್ ಇದೆ. ಆರು ಸಿಲಿಂಡರುಗಳು ಸಾಲಾಗಿ ಉರಿಯುವುದಿಲ್ಲ. ಒಂದು, ಐದು, ಮೂರು, ಆರು, ಎರಡು, ನಾಲ್ಕು, ಇದು ಅವುಗಳ ಸರದಿ. ಗಣಿತದಲ್ಲಿ ಫೇಲಾದ ನನ್ನ ಗೆಳೆಯ ಇದನ್ನು ಮಗ್ಗಿಯ ಹಾಗೆ ಹೇಳಿಕೊಳ್ಳುತ್ತಾ ಕೆಲಸ ಮಾಡುತ್ತಾನೆ. ಕ್ರ್ಯಾಂಕ್‌ ಶಾಫ್ಟ್ ಎಷ್ಟು ಸವೆದಿದೆ ಎಂದು ಮೈಕ್ರೋಮೀಟರ್ ಇಟ್ಟು ನೋಡುತ್ತಾನೆ, ಮಿಲಿಮೀಟರಿನ ನೂರನೆಯ ಒಂದು ಭಾಗದ ಲೆಕ್ಕ ಅವನ ಬಾಯಲ್ಲಿದೆ.

ಶಿವಮೊಗ್ಗದಲ್ಲಿ ಕ್ರ್ಯಾಂಕ್‌ ಗ್ರೈಂಡ್ ಮಾಡಿಸಿದೆವು. ಬೆಂಗಳೂರಿನ ಮೈಕೋ ಕಾರ್ಖಾನೆಯಲ್ಲಿ ತಯಾರಾಗಿದ್ದ ಡೀಸೆಲ್ ಪಂಪನ್ನು ಬಿಚ್ಚಿ ತೊಳೆಸಿ, ಅಳತೆ ಸರಿ ಮಾಡಿಸಿದೆವು. ಹಳೆಯ ಟಾಟಾ ಲಾರಿಗಳ ಸಾಮಾನು ಇಟ್ಟುಕೊಂಡ ಅಂಗಡಿಗಳನ್ನು ಸುತ್ತಿ ರಿಂಗು, ಬೇರಿಂಗ್, ಗ್ಯಾಸ್ಕೆಟ್ ಹುಡುಕಿ ತಂದೆವು.

ಇಲ್ಲಿ ನಾನು ಮಾಡಿದ ಒಂದು ಘನಕಾರ್ಯ ಹೇಳಬೇಕು. ಮೇಸ್ತ್ರಿ ಎರಡು ದಿನ ಮದುವೆಗೆ ಹೋಗಿದ್ದ. ಎಂಜಿನ್ನಿನ ಹೆಡ್ ಕೂರಿಸಿ ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ ಬಿಟ್ಟಿದ್ದ. ಅವನು ಬರುವುದರೊಳಗೆ ಮುಗಿಸಿ ಆಶ್ಚರ್ಯಪಡಿಸೋಣ ಎಂದು ನಾನು ಪಾನಾ ತೆಗೆದುಕೊಂಡು ಒಂದು ತುದಿಯಿಂದ ಶುರು ಮಾಡಿ ಇನ್ನೊಂದು ತುದಿಯವರೆಗೆ ಪೂರ್ತಿ ಬಿಗಿ ಮಾಡಿದೆ, ಲೆಡ್ಜರಿನಲ್ಲಿ ಸಾಲಾಗಿ ಬರೆದ ಹಾಗೆ. ಆ ಬೋಲ್ಟುಗಳನ್ನು ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ, ಸ್ವಲ್ಪ ಸ್ವಲ್ಪವಾಗಿ, ಮೂರು ನಾಲ್ಕು ಸುತ್ತಿನಲ್ಲಿ ಬಿಗಿಯಬೇಕು. ಇಲ್ಲದಿದ್ದರೆ ಹೆಡ್ ಸೊಟ್ಟ ಕೂರುತ್ತದೆ. ನಾನು ಅವನಿಗೆ ಹೇಳಲಿಲ್ಲ. ಅವನೇ ಬಿಗಿಸಿದ ಎಂದುಕೊಳ್ಳಲಿ, ನಾನೇ ಬಿಗಿಸಿದೆ ಎಂದುಕೊಳ್ಳಲಿ, ಹೇಗೂ ಬಿಗಿಯಾಗಿದೆಯಲ್ಲ ಎಂದು ಸುಮ್ಮನಾದೆ. ಎಂಜಿನ್ ಚಾಲೂ ಮಾಡಿದ ದಿನ ಹತ್ತು ನಿಮಿಷ ಓಡಿತು, ಆಮೇಲೆ ನಿಂತಿತು. ಆಯಿಲ್ ತೆಗೆದು ನೋಡಿದರೆ ಹಾಲು ಹಾಕಿದ ಚಹಾದ ಬಣ್ಣ. ಗ್ಯಾಸ್ಕೆಟ್ ಒಡೆದು ಆಯಿಲ್‌ಗೆ ನೀರು ಸೇರಿತ್ತು.

ಅವನು ರಾತ್ರಿಯೆಲ್ಲ ತನ್ನದೇ ತಪ್ಪು ಎಂದು ಹುಡುಕುತ್ತಾ ಕೂತಿದ್ದ. ಅದನ್ನು ನೋಡಲಾರದೆ ಬೆಳಿಗ್ಗೆ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. “ಅಷ್ಟೇನಾ? ತಪ್ಪು ಎಲ್ಲಿದೆ ಅಂತ ಗೊತ್ತಾದ್ರೆ ಬಿಚ್ಚಿ ಸರಿ ಮಾಡ್ಬಹುದು. ಮುಚ್ಚಿಟ್ರೆ ಮಾತ್ರ ನಡುದಾರೀಲಿ ಕೈಕೊಡುತ್ತೆ” ಎಂದು ಪಾನಾ ತೆಗೆದುಕೊಂಡ. ಇಪ್ಪತ್ತೆರಡು ದಿನ ಹಿಂದೆ ಬಿದ್ದೆವು.

ಆ ಮಾತಿನ ಬಲದ ಮೇಲೆ, ನಾನು ನಲವತ್ತು ವರ್ಷ ಕೇಳದ ಪ್ರಶ್ನೆ ಕೇಳಿದೆ. ಮತ್ತೆ ಯಾಕೆ ಪರೀಕ್ಷೆ ಕಟ್ಟಲಿಲ್ಲ? ಅವನು ನಟ್ಟಿನ ತುಕ್ಕು ಉಜ್ಜುತ್ತಲೇ ಹೇಳಿದ. ಅಕ್ಟೋಬರ್‌ನಲ್ಲಿ ಕಟ್ಟಬೇಕೆಂದು ಫೀಸಿನ ದುಡ್ಡು ಕೂಡಿಟ್ಟಿದ್ದನಂತೆ. ಆ ವಾರ ಅವನ ತಾಯಿಗೆ ಜ್ವರ, ದುಡ್ಡು ಔಷಧಿಗೆ ಹೋಯಿತು. “ನಿನ್ನ ಹತ್ರ ಕೇಳೋಣ ಅಂತ ಒಂದ್ಸಲ ಶಿವಮೊಗ್ಗಕ್ಕೆ ಬಂದಿದ್ದೆ. ನೀನು ಕಾಲೇಜಿನ ಹುಡುಗರ ಜೊತೆ ಹೋಟ್ಲಲ್ಲಿ ಕೂತಿದ್ದೆ. ನನ್ನ ಅಂಗಿ ಎಲ್ಲ ಗ್ರೀಸು. ವಾಪಸ್ ಬಂದೆ” ಎಂದ. ಸ್ವರದಲ್ಲಿ ದೂರು ಇರಲಿಲ್ಲ. ಆ ದಿನ ನಾನು ಅವನನ್ನು ಕಂಡಿರಲಿಲ್ಲ. ಕಂಡಿದ್ದರೆ ಏನು ಮಾಡುತ್ತಿದ್ದೆ ಎಂದು ನನಗೆ ನಾನೇ ಕೇಳಿಕೊಂಡೆ. ಉತ್ತರ ಅಷ್ಟು ಸುಲಭವಾಗಿ ಬರಲಿಲ್ಲ.

ಮೈ ಕೆಲಸ ಶುರು ಮಾಡಿದಾಗ ಗೆದ್ದಲು ತಿಂದ ಹಲಗೆಗಳನ್ನು ಎತ್ತಿದೆವು. ಅವುಗಳ ಸಂದಿನಲ್ಲಿ ಹತ್ತು ಪೈಸೆಯ ಹೂವಿನಂಚಿನ ನಾಣ್ಯ, ಐದು ಪೈಸೆಯ ಚೌಕ ನಾಣ್ಯ, ಬಳಪದ ಚೂರುಗಳು, ಒಂದು ಹೇರ್‌ಪಿನ್ನು, ಜಾಮಿಟ್ರಿ ಪೆಟ್ಟಿಗೆಯ ಒಂದು ಕೈವಾರ ಸಿಕ್ಕಿದವು. ಎಲ್ಲವನ್ನೂ ಗಾಜಿನ ಡಬ್ಬಿಯಲ್ಲಿ ಹಾಕಿ ಬಸ್ಸಿನಲ್ಲೇ ಇಟ್ಟಿದ್ದೇವೆ. ನಿಮ್ಮದಿದ್ದರೆ ಗುರುತು ಹೇಳಿ ತೆಗೆದುಕೊಂಡು ಹೋಗಿ.

ಡ್ರೈವರಿನ ಹಿಂದಿನ ಸೀಟನ್ನು ಕೂರಿಸುವಾಗ ಮೇಸ್ತ್ರಿ, “ಇದು ಹೆಣ್ಣುಮಕ್ಕಳ ಸೀಟು” ಎಂದ. ಕ್ಲೀನರ್ ಆಗಿದ್ದಾಗ ಆ ಸೀಟಿನಲ್ಲಿ ಬೇರೆ ಯಾರನ್ನೂ ಕೂರಲು ಬಿಡುತ್ತಿರಲಿಲ್ಲವಂತೆ. ಗುಡ್ಡದ ಮೇಲಿನ ಮನೆಗಳ ಹುಡುಗಿಯರು ಓಡಿ ಬರುವುದು ಕಂಡರೆ, ಏಣಿ ಹತ್ತಿ ಮೇಲಿನ ಸಾಮಾನು ಬಿಗಿ ಮಾಡುವ ನೆಪ ಹಾಕಿ ಬಸ್ಸು ನಿಲ್ಲಿಸುತ್ತಿದ್ದನಂತೆ. ಡ್ರೈವರಿಗೂ ಗೊತ್ತಿತ್ತು. ಹಗ್ಗ ಬಿಗಿಯಾಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯುತ್ತಿದ್ದರು. ಈ ಸಭೆಯಲ್ಲಿ ಟೀಚರ್ ಆದವರು, ನರ್ಸ್ ಆದವರು, ಪಂಚಾಯಿತಿ ಸದಸ್ಯರಾದವರು ಇದ್ದೀರಿ. ನಿಮ್ಮಲ್ಲಿ ಎಷ್ಟು ಜನ ಆ ಬಿಗಿಯಾಗಿದ್ದ ಹಗ್ಗದಿಂದ ಹೈಸ್ಕೂಲು ಮುಗಿಸಿದಿರಿ ಎಂದು ನಿಮಗೇ ಗೊತ್ತು.

ಈಗ ಲೆಕ್ಕ. ಬಸ್ಸಿಗೆ 72,000 ರೂಪಾಯಿ. ಎಂಜಿನ್ ಕೆಲಸಕ್ಕೆ 1,18,500. ಮರ, ತಗಡು, ಬಡಗಿ ಕೂಲಿ 96,000. ಹಳೆಯ ಆರು ಟೈರು 27,000. ಬಣ್ಣ 31,400. ಚಿಲ್ಲರೆ 22,600. ಒಟ್ಟು 3,67,500 ರೂಪಾಯಿ, ಹದಿನಾರು ತಿಂಗಳು. ಅರ್ಧ ಅವನದು, ಅರ್ಧ ನನ್ನದು. ಮೇಸ್ತ್ರಿಯ ಮಜೂರಿ ಎಂದು ಒಂದು ಕಲಂ ಬರೆದಿದ್ದೆ. ಅದರಲ್ಲಿ ಅಂಕಿ ತುಂಬಲು ಅವನು ಬಿಡಲಿಲ್ಲ.

ಕಳೆದ ನವೆಂಬರ್‌ನಲ್ಲಿ ಎಂಜಿನ್ ಸರಿಯಾಗಿ ನಿಂತಿತು. ಅಕ್ಕನನ್ನು ಕರೆಸಿದೆವು. ಈಗ ಅವಳಿಗೆ ಅರವತ್ತಮೂರು. ಅವಳು ಹೆಣ್ಣುಮಕ್ಕಳ ಸೀಟಿನಲ್ಲಿ ಕುಳಿತಳು. ಮೇಸ್ತ್ರಿ ಮೂವತ್ತು ಸೆಕೆಂಡು ಹೀಟರ್ ಹಾಕಿ ಸ್ಟಾರ್ಟ್ ಮಾಡಿದ. ನಾನು ಬಾಗಿಲಲ್ಲಿ ನಿಂತು ತಗಡು ಬಡಿದು “ರೈಟ್” ಎಂದೆ. ಬಸ್ಸು ನಮ್ಮ ಅಂಗಳದ ಈ ತುದಿಯಿಂದ ಆ ತುದಿಗೆ ಹೋಯಿತು, ನಲವತ್ತು ಅಡಿ ಇರಬಹುದು. ಅಕ್ಕ ಏನಾದರೂ ಹೇಳುತ್ತಾಳೆ ಎಂದು ಕಾದೆ. ಅವಳು ಕಿಟಕಿಯ ಸರಳು ಹಿಡಿದುಕೊಂಡು ಹೊರಗೆ ನೋಡುತ್ತಿದ್ದಳು. ಇಳಿಯುವಾಗ ಕೇಳಿದ್ದು ಇಷ್ಟೇ: “ಈಗ ಗುಡ್ಡದ ಮೇಲಿನ ಮನೆಗಳ ಹುಡುಗೀರು ಹೈಸ್ಕೂಲಿಗೆ ಹೆಂಗೆ ಹೋಗ್ತಾರೋ?”

ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಹದಿನಾರು ತಿಂಗಳು ಹಳೆಯ ಬಸ್ಸಿನ ಕೆಳಗೆ ಮಲಗಿದ್ದೆವು, ಈಗಿನ ಬಸ್ಸಿನ ವಿಷಯ ಯೋಚಿಸಿಯೇ ಇರಲಿಲ್ಲ. ಮಾರನೆಯ ದಿನ ಹತ್ತಿ ಹೋಗಿ ವಿಚಾರಿಸಿದೆವು. ಬೆಳಗಿನ ಬಸ್ಸು ಇಲ್ಲಿಗೆ ತಲುಪುವುದು ಮೊದಲನೆಯ ಪಾಠ ಮುಗಿದ ಮೇಲೆ. ಮೂವರು ಹುಡುಗಿಯರು ನಾಲ್ಕು ಕಿಲೋಮೀಟರು ಇಳಿದು, ಸಿಕ್ಕಿದ ವಾಹನ ಹತ್ತಿ ಬರುತ್ತಾರೆ. ಏಳನೆಯ ತರಗತಿ ಮುಗಿಸಿದ ಒಬ್ಬಳು ಎಂಟಕ್ಕೆ ಸೇರಿಯೇ ಇಲ್ಲ. ಅವಳ ಅಪ್ಪನೂ ಕೆಟ್ಟವರಲ್ಲ. ಅವರು ಹೇಳಿದ ಮಾತು ನಮ್ಮ ಅಪ್ಪ ಹೇಳಿದ್ದೇ. 2006ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತು. ಒಳ್ಳೆಯ ಯೋಜನೆ, ಆದರೆ ಆ ಏರಿನಲ್ಲಿ ಸೈಕಲನ್ನು ನಾವೇ ಹೊರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಅದೂ ಒಳ್ಳೆಯದೇ. ಆದರೆ ಟಿಕೆಟ್ ಬೇಡ ಎನ್ನಲು ಮೊದಲು ಬಸ್ಸು ಬರಬೇಕಲ್ಲ.

ಹಾಗಾಗಿ ನನ್ನದು ಒಂದು ಕೋರಿಕೆ. ಈ ಬಸ್ಸನ್ನು ಶಾಲೆಗೆ ಒಪ್ಪಿಸಿದ್ದೇವೆ. ರಸ್ತೆಯ ಮೇಲೆ ಓಡಿಸಲು ಅದಕ್ಕೆ ಕಾಗದಪತ್ರ ಇಲ್ಲ. ಟ್ರಾಕ್ಟರಿಗೆ ಕಟ್ಟಿ ತಂದೆವು, ಮೈದಾನದ ಗೇಟಿನಿಂದ ಮಾವಿನ ಮರದವರೆಗೆ ಮಾತ್ರ ತಾನಾಗಿ ಬಂತು. ಹಿಂದಿನ ಸೀಟುಗಳ ಜಾಗದಲ್ಲಿ ಪುಸ್ತಕದ ಕಪಾಟು ಇಟ್ಟಿದ್ದೇವೆ, ಮಕ್ಕಳು ಕೂತು ಓದಲಿ. ಬಾಗಿಲ ಹತ್ತಿರ ಒಂದು ಮೇಜಿದೆ. ಅದರ ಮೇಲೆ ಬೆಳಗಿನ ಬಸ್ಸಿನ ಹೊತ್ತು ಬದಲಿಸಬೇಕೆಂಬ ಅರ್ಜಿ ಇದೆ, ಎಲ್ಲರೂ ಸಹಿ ಮಾಡಿ. ಪಕ್ಕದಲ್ಲಿ ಇನ್ನೊಂದು ಪುಸ್ತಕ ಇದೆ. ಬಸ್ಸು ಬರುವವರೆಗೆ ಜೂನ್‌ನಿಂದ ಗುಡ್ಡದ ದಾರಿಗೆ ಒಂದು ಜೀಪು ಗೊತ್ತು ಮಾಡಬೇಕು. ಮೊದಲ ನಾಲ್ಕು ತಿಂಗಳ ಬಾಡಿಗೆ ಮೇಸ್ತ್ರಿಯದು ಮತ್ತು ನನ್ನದು. ಐದನೆಯ ತಿಂಗಳಿನಿಂದ ಆ ಪುಸ್ತಕದಲ್ಲಿ ನಿಮ್ಮ ಹೆಸರು ಇರಲಿ. ಆ ಹುಡುಗಿಯ ಮನೆಗೆ ಅಕ್ಕ ಎರಡು ಸಲ ಹೋಗಿ ಬಂದಿದ್ದಾಳೆ. ಜೀಪು ಬಂದರೆ ಕಳಿಸುತ್ತೇವೆ ಎಂದಿದ್ದಾರೆ.

ಕಡೆಯದಾಗಿ, ಮೇಸ್ತ್ರಿಯನ್ನು ವೇದಿಕೆಗೆ ಕರೆಯಲು ಸಮಿತಿಯವರು ಎರಡು ಸಲ ಹೋಗಿದ್ದರು. “ನಾನು ಫೇಲಾದವನು, ಹಿರಿಯ ವಿದ್ಯಾರ್ಥಿ ಅಂತ ಹೆಂಗೆ ಬರ್ಲಿ?” ಎಂದನಂತೆ. ಈಗಲೂ ಬಸ್ಸಿನ ಡ್ರೈವರ್ ಸೀಟಿನಲ್ಲೇ ಕೂತಿದ್ದಾನೆ, ಇಲ್ಲಿಂದ ಕಾಣುತ್ತಾನೆ. ಮೇಸ್ತ್ರಿ, ದಾಖಲಾತಿ ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗಿನ ಸಾಲಿನಲ್ಲೇ ನಿನ್ನ ಹೆಸರು ಇದೆ ಮಾರಾಯ, ನಾನು ನೋಡಿ ಬಂದಿದ್ದೇನೆ. ಇಳಿದು ಬಾ. ನೀನು ಬರುವವರೆಗೆ ನಾವು ಯಾರೂ ಊಟಕ್ಕೆ ಏಳುವುದಿಲ್ಲ. ನಿನಗೋಸ್ಕರ ಇವತ್ತು ನಾವು ಹಗ್ಗ ಬಿಗಿ ಮಾಡುತ್ತಾ ನಿಂತಿರುತ್ತೇವೆ.